ಅತ್ತೆಯ ಒಮಾನ್ ದಂಡಯಾತ್ರೆ

ನಮ್ಮನೆಯಲ್ಲಿ ಪ್ರವಾಸದ ಪಟ್ಟಿ ಬರೆಯುವುದು ನನ್ನ ಗಂಡ, ಅದನ್ನು ಬುಡಮೇಲು ಮಾಡುವುದು ನನ್ನ ಅತ್ತೆ. ಅತ್ತೆ ಶಿರಸಿ ಕಡೆಯವರು. ಕೊಟ್ಟಿಗೆ, ಆಲೆಮನೆ, ಪೇಟೆಯ ಚೌಕಾಸಿ ಇವಿಷ್ಟರಲ್ಲಿ ಅವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಒಮಾನಿಗೂ ಇಷ್ಟು ವಿದ್ಯೆ ಸಾಕು ಎಂದೇ ಅವರು ವಿಮಾನ ಹತ್ತಿದ್ದು. ಮಸ್ಕತ್ತಿನಲ್ಲಿರುವ ಮೈದುನನದು ಒಂದೇ ಕೋಣೆಯ ಮನೆಯಾದ್ದರಿಂದ ನಮ್ಮ ಬಿಡಾರ ಹೋಟೆಲಿನಲ್ಲಿ.

ಶುಕ್ರವಾರ ಇನ್ನೂ ಕತ್ತಲಿರುವಾಗಲೇ ಮೈದುನ ನಮ್ಮನ್ನೆಲ್ಲ ಕಾರಿಗೆ ತುಂಬಿಕೊಂಡು ನಿಜ್ವಾಕ್ಕೆ ಹೊರಟ. ಸುಮಾರು 140 ಕಿಲೋಮೀಟರ್. ಅಲ್ಲಿಯ ಜಾನುವಾರು ಸಂತೆ ಬಿಸಿಲೇರುವ ಮೊದಲೇ ಮುಗಿದುಹೋಗುತ್ತದಂತೆ. ಕೊಳ್ಳುವವರು ಸುತ್ತ ನಿಂತಿರುತ್ತಾರೆ, ಮಾರುವವರು ಆಡುಗಳ ಹಗ್ಗ ಹಿಡಿದು ರೇಟು ಕೂಗುತ್ತ ಸುತ್ತು ಹೊಡೆಯುತ್ತಾರೆ. ಮನಸ್ಸಿಗೆ ಬಂದರೆ ನಿಲ್ಲಿಸಿ ನೋಡಬಹುದು. ಅತ್ತೆ ನಿಲ್ಲಿಸಿಯೇಬಿಟ್ಟರು. ಹಲ್ಲು ನೋಡಿದರು, ಬೆನ್ನು ಒತ್ತಿದರು, ಕೆಚ್ಚಲಿಗೂ ಕೈ ಹಾಕಿದರು. ‘ಹಾಲು ಎಷ್ಟು ಕೊಡ್ತು, ಕೇಳೋ ಮಾಣಿ’ ಎಂದು ಮೈದುನನಿಗೆ ಅಪ್ಪಣೆ ಬೇರೆ. ಇಷ್ಟು ಪರೀಕ್ಷೆ ಮಾಡಿದವರು ಕೊಳ್ಳದೆ ಹೋಗುತ್ತಾರೆಂದು ಯಾವ ವ್ಯಾಪಾರಿ ತಾನೇ ನಂಬಿಯಾನು? ಆತ ಹಗ್ಗವನ್ನು ನನ್ನ ಮಗನ ಕೈಗಿಟ್ಟು ಮುಂದಿನ ಆಡು ತರಲು ಹೋದ. ಆಡಿಗೆ ಸುತ್ತು ಹೊಡೆಯುವುದೇ ಅಭ್ಯಾಸವಾಗಿತ್ತು. ಮಗನನ್ನೂ ಎಳೆದುಕೊಂಡು ಹೊರಟಿತು. ಅವನು ಎರಡನೇ ಸುತ್ತಿಗೆ ಬರುವಾಗ ಗಡ್ಡದ ಹಿರಿಯರೊಬ್ಬರು ಕೈ ಸನ್ನೆ ಮಾಡಿ ರೇಟು ಕೇಳುತ್ತಿದ್ದರು. ನಾವು ಹೋಟೆಲಿನಲ್ಲಿ ಇಳಿದಿರುವವರು, ಆಡು ಕಟ್ಟಲು ಜಾಗವಿಲ್ಲ ಎಂದು ಗಂಡ ಹಿಂದಿಯಲ್ಲಿ ಅಲವತ್ತುಕೊಂಡರೆ, ವ್ಯಾಪಾರಿ ಐದು ರಿಯಾಲ್ ಇಳಿಸಿದ.

ಅಲ್ಲಿಂದ ಕೋಟೆಗೆ. 1650ರಲ್ಲಿ ಪೋರ್ಚುಗೀಸರನ್ನು ಮಸ್ಕತ್ತಿನಿಂದ ಓಡಿಸಿದ ಇಮಾಮ್ ಸುಲ್ತಾನ್ ಬಿನ್ ಸೈಫ್ ಕಟ್ಟಿಸಿದ ದೊಡ್ಡ ದುಂಡು ಬುರುಜು ಅದು. ಮೇಲೇರುವ ಮೆಟ್ಟಿಲು ಇಕ್ಕಟ್ಟು, ತಿರುವಿಗೊಂದು ಬಾಗಿಲು, ಬಾಗಿಲ ನೆತ್ತಿಯಲ್ಲಿ ಕಂಡಿ, ಕಾಲಡಿಯಲ್ಲಿ ಹಲಗೆ ಸರಿಸಿದರೆ ಗುಂಡಿ. ನುಗ್ಗಿದ ಶತ್ರುವಿನ ತಲೆ ಮೇಲೆ ಆ ಕಂಡಿಯಿಂದ ಕುದಿಯುವ ಖರ್ಜೂರದ ರಸ ಸುರಿಯುತ್ತಿದ್ದರಂತೆ. ರಸಕ್ಕಾಗಿಯೇ ಒಂದು ಉಗ್ರಾಣವಿದೆ: ಖರ್ಜೂರದ ಚೀಲಗಳನ್ನು ಒಂದರ ಮೇಲೊಂದು ಪೇರಿಸಿದರೆ ಭಾರಕ್ಕೆ ರಸ ಜಿನುಗಿ, ನೆಲದ ಕಾಲುವೆಗಳಲ್ಲಿ ಹರಿದು ಬಂದು ಸೇರುತ್ತದೆ.

ಮಂಡಿನೋವೆಂದು ಕೆಳಗೇ ಕೂರುವೆನೆಂದಿದ್ದ ಅತ್ತೆಗೆ ಇದನ್ನು ಕೇಳಿದ್ದೇ ಜೀವ ಬಂತು. ‘ಅಯ್ಯೋ, ನಮ್ಮ ಜೋನಿಬೆಲ್ಲದ ಹಾಗಿರ್ತು ಅದು! ಸುರಿದು ಹಾಳು ಮಾಡಿದ್ವಾ? ಬಿಸಿನೀರು ಸಾಲ್ತಿತ್ತಿಲ್ಯಾ?’ ಎಂದವರು, ಮರುಕ್ಷಣವೇ ತಮಗೆ ತಾವೇ ಉತ್ತರಿಸಿಕೊಂಡರು: ನೀರು ಜಾರಿಹೋಗುತ್ತದೆ, ಪಾಕ ಮೈಗೆ ಅಂಟಿಕೊಂಡು ಸುಡುತ್ತಲೇ ಇರುತ್ತದೆ. ಸಾಕ್ಷಿಗೆ ಆಲೆಮನೆಯಲ್ಲಿ ಸುಟ್ಟುಕೊಂಡ ಮೊಣಕೈಯ ಕಲೆ ಇತ್ತಲ್ಲ! ಪಕ್ಕದಲ್ಲಿ ನಿಂತಿದ್ದ ಬಿಳಿಯ ದಂಪತಿಗೆ ಅದನ್ನು ತೋರಿಸಿ, ಕೊಪ್ಪರಿಗೆ ಉಕ್ಕುವುದರಿಂದ ಹಿಡಿದು ಬೊಬ್ಬೆ ಏಳುವವರೆಗೆ ಕನ್ನಡದಲ್ಲೇ ವಿವರಿಸಿದರು. ಆ ದಂಪತಿ ಗೋಡೆಯ ಫಲಕ ಬಿಟ್ಟು ಅತ್ತೆಯ ಮೊಣಕೈಯ ಫೋಟೊ ತೆಗೆದುಕೊಂಡು ಹೋದರು.

ಕೆಳಗಿಳಿಯುವಷ್ಟರಲ್ಲಿ ನಮಾಜಿನ ಹೊತ್ತು, ಅಂಗಡಿಗಳೆಲ್ಲ ಬಾಗಿಲು. ಊಟಕ್ಕೆ ಕಾರಿನಲ್ಲಿದ್ದ ಅವಲಕ್ಕಿಯೇ ಗತಿ.

ಮರುದಿನ ಮಸ್ಕತ್ತಿನ ಮತ್ರಾ ಪೇಟೆ. ಒಂದು ರಿಯಾಲಿಗೆ 1000 ಬೈಸಾ, ಹಾಗಾಗಿ ಬೆಲೆಯಲ್ಲಿ ಚುಕ್ಕಿಯಾದ ಮೇಲೆ ಮೂರು ಅಂಕಿ. 3.500 ಎಂಬ ಚೀಟಿ ನೋಡಿ ಅತ್ತೆ ‘ಈ ಟೊಪ್ಪಿಗೆ ಮೂರೂವರೆ ಸಾವಿರವಾ!’ ಎಂದು ಎದೆ ಹಿಡಿದುಕೊಂಡರು. 1970ರವರೆಗೆ ಇಲ್ಲಿ ನಮ್ಮ ರಿಸರ್ವ್ ಬ್ಯಾಂಕಿನ ರೂಪಾಯಿಯೇ ನಡೆಯುತ್ತಿತ್ತು ಎಂದು ಗಂಡ ಸಮಾಧಾನ ಹೇಳಹೋದರೆ, ‘ಮತ್ತೆ ಎಂತಕ್ಕೆ ಬಿಟ್ರೋ?’ ಎಂದು ಅವರನ್ನೇ ತರಾಟೆಗೆ ತೆಗೆದುಕೊಂಡರು. ಆ ಸಿಟ್ಟನ್ನೆಲ್ಲ ಧೂಪದಂಗಡಿಯಲ್ಲಿ ತೀರಿಸಿಕೊಂಡಾಯಿತು. ದಕ್ಷಿಣ ಒಮಾನಿನ ಧೋಫಾರಿನ ಹೋಜರಿ ಲುಬಾನ್, ಅಂದರೆ ಧೂಪ ಹಾಕುವ ಮರದಂಟು, ತಿಳಿಹಸಿರು ಹರಳು. ಅಂಗಡಿಯವ ಹೇಳಿದ್ದರಲ್ಲಿ ಕಾಲು ಭಾಗ ಇಳಿಸಿ, ಮಣ್ಣಿನ ಧೂಪದಾನಿಯನ್ನೂ ಇದ್ದಿಲ ಬಿಲ್ಲೆಗಳನ್ನೂ ಮೇಲೆ ಹಾಕಿಸಿಕೊಂಡು ರಾಣಿ ಚೆನ್ನಭೈರಾದೇವಿಯ ಠೀವಿಯಲ್ಲಿ ಹೊರಬಿದ್ದರು. ಬಂದರಿನ ಮೇಲಿನ ಪೋರ್ಚುಗೀಸ್ ಕೋಟೆ ಪಟ್ಟಿಯಲ್ಲೇ ಉಳಿಯಿತು.

ರಾತ್ರಿ ಕೋಣೆಯಲ್ಲಿ ಅತ್ತೆ ದೇವರ ಫೋಟೊ ಇಟ್ಟು ಧೂಪ ಹಾಕಿದರು. ಛಾವಣಿಯ ಯಂತ್ರಕ್ಕೆ ಭಕ್ತಿ ಎಲ್ಲಿಂದ ಬರಬೇಕು? ಇಡೀ ಮಹಡಿ ಕಿರುಚಿತು. ಲುಂಗಿ, ಚಡ್ಡಿ, ಟವೆಲುಗಳಲ್ಲಿ ಜನ ಹೊರಗೋಡಿಬಂದರು. ಓಡುತ್ತ ಬಂದ ಹೋಟೆಲಿನ ಒಮಾನಿ ಸಿಬ್ಬಂದಿ ಬಾಗಿಲಲ್ಲೇ ನಿಂತು ಮೂಗರಳಿಸಿದ. ಅವರ ಲಾಬಿಯಲ್ಲೇ ದಿನವೂ ಇದೇ ಧೂಪ ಹೊಗೆಯಾಡುವುದು! ‘ಹೋಜರಿ, ಒಳ್ಳೇ ಮಾಲು. ಎಷ್ಟು ಕೊಟ್ಟಿರಿ?’ ಎಂದು ಹಿಂದಿಯಲ್ಲಿ ಕೇಳಿದ. ಅತ್ತೆ ಹೆಮ್ಮೆಯಿಂದ ಹೇಳಿದರು. ಆತ ಪಾಪ, ಮೆಲ್ಲನೆ ಅದರ ಅರ್ಧದ ಲೆಕ್ಕ ಹೇಳಿದ.

ಅಷ್ಟು ಜನರನ್ನು ನಿದ್ದೆಯಿಂದೆಬ್ಬಿಸಿದ್ದಕ್ಕೆ ಒಂಚೂರೂ ಅಳುಕದ ಅತ್ತೆ ಆಗ ಮಂಚದ ಮೇಲೆ ಕುಸಿದು ಕೂತರು. ಸ್ವಲ್ಪ ಹೊತ್ತಿಗೆ ತಲೆಯೆತ್ತಿ, ತಮಗೆ ಗೊತ್ತಿದ್ದ ಹಿಂದಿಯನ್ನೆಲ್ಲ ಒಟ್ಟುಮಾಡಿ ಆತನನ್ನು ಕೇಳಿದರು: ‘ದುಕಾನ್ ಸುಬಹ ಕಿತನೇ ಬಜೇ ಖುಲತಾ?’