‘ನಂಗೊತ್ತು’ ಅನ್ನುವವರ ಬಾಯಿ ಮುಚ್ಚಿಸಬೇಡಿ

ಜಾದೂ ಮಾಡುವವರು ನಾಲ್ಕು ಜನ ಒಂದು ಕಡೆ ಸೇರಿದರೆ ಈ ದೂರು ಬಂದೇ ಬರುತ್ತದೆ. ‘ಮೊದಲಿನ ಥರ ಜನ ಇಲ್ಲ ಕಣೋ. ಕೈ ಎತ್ತೋದ್ರೊಳಗೇ ನಂಗೊತ್ತು, ಯೂಟ್ಯೂಬ್‌ನಲ್ಲಿ ನೋಡಿದೀನಿ ಅಂತಾರೆ.’ ಆಮೇಲೆ ಅಂಥವರ ಬಾಯಿ ಮುಚ್ಚಿಸಿದ ಕಥೆಗಳು ಶುರುವಾಗುತ್ತವೆ. ಒಬ್ಬರು ಸ್ಟೇಜ್ ಮೇಲೆ ಕರೆದು ಪೆದ್ದು ಮಾಡಿ ಕಳಿಸಿದೆ ಅಂತಾರೆ. ಇನ್ನೊಬ್ಬರು ‘ಹಾಗಾದ್ರೆ ನೀವೇ ಮಾಡಿ ತೋರ್ಸಿ’ ಅಂತ ಇಸ್ಪೀಟ್ ಪ್ಯಾಕ್ ಕೈಗೆ ತುರುಕಿದೆ ಅಂತಾರೆ. ನನಗೆ ಈ ಕಥೆಗಳು ಹಿಡಿಸುವುದಿಲ್ಲ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳಬೇಕು.

ಮೊದಲು ಯೂಟ್ಯೂಬ್ ವಿಷಯ ಮುಗಿಸಿಬಿಡೋಣ. ಗುಟ್ಟು ಬಯಲಾಗುವುದು ಇಂಟರ್‌ನೆಟ್ ಬಂದ ಮೇಲೆ ಶುರುವಾಗಿದ್ದಲ್ಲ. 1933ರಲ್ಲಿ ಅಮೆರಿಕದ ಕ್ಯಾಮೆಲ್ ಸಿಗರೇಟಿನವರು ಪತ್ರಿಕೆಗಳಲ್ಲಿ ಜಾಹೀರಾತು ಹಾಕಿ, ಒಂದೊಂದರಲ್ಲಿ ಒಂದೊಂದು ಜಾದೂವಿನ ಗುಟ್ಟನ್ನು ಚಿತ್ರ ಬಿಡಿಸಿ ವಿವರಿಸಿದರು. ಮೋಸ ಹೋಗೋದು ಮಜಾ, ಗುಟ್ಟು ತಿಳ್ಕೊಳ್ಳೋದು ಇನ್ನೂ ಮಜಾ ಅನ್ನುವ ಧಾಟಿ. ಹೆಂಗಸನ್ನು ಗರಗಸದಿಂದ ಕೊಯ್ಯುವ ಆಟಕ್ಕೆ ಹೆಸರಾಗಿದ್ದ ಹೊರೇಸ್ ಗೋಲ್ಡಿನ್ ಸಿಟ್ಟಿಗೆದ್ದು ಕೋರ್ಟಿಗೆ ಹೋದರು. 1938ರಲ್ಲಿ ಸೋತರು. ಆ ಆಟಕ್ಕೆ ಅವರೇ 1923ರಲ್ಲಿ ಪೇಟೆಂಟ್ ತೆಗೆದುಕೊಂಡಿದ್ದರು. ಪೇಟೆಂಟ್ ಬೇಕು ಅಂದರೆ ವಿಧಾನವನ್ನು ಚಿತ್ರ ಸಮೇತ ಬರೆದುಕೊಡಬೇಕು, ಆಮೇಲೆ ಅದನ್ನು ಯಾರು ಬೇಕಾದರೂ ಓದಬಹುದು. ಹಾಗಂತ ಆ ಆಟ ಸತ್ತುಹೋಯಿತಾ? ಇವತ್ತಿಗೂ ಜನ ಟಿಕೆಟ್ ಕೊಂಡು ನೋಡುತ್ತಾರೆ. ಬಿಡಿ, ನಮ್ಮ ಸುಡುಗಾಡು ಸಿದ್ಧರನ್ನೇ ನೋಡಿ. ಕೈಚಳಕದ ಆಟವನ್ನು ಬೀದಿಯಲ್ಲಿ ನಿಂತು ತೋರಿಸಿಕೊಂಡು ಬಂದವರು ಅವರು. ಪರದೆ ಇಲ್ಲ, ಲೈಟಿಲ್ಲ. ಬೆನ್ನ ಹಿಂದೆಯೂ ಜನ. ‘ನಂಗೊತ್ತು’ ಅನ್ನುವವರನ್ನು ಇಟ್ಟುಕೊಂಡೇ ಅವರು ಆಟ ಕಟ್ಟಿದ್ದು.

ಹೂಡಿನಿಯ ಹೆಸರು ಕೇಳದವರಿಲ್ಲ. ಬೀಗ, ಬೇಡಿ ಬಿಡಿಸಿಕೊಂಡು ಬರುವುದಕ್ಕೆ ಹೆಸರುವಾಸಿ. ಆದರೆ ಶುರುವಿನಲ್ಲಿ ಅವರು ತಮ್ಮನ್ನು ಇಸ್ಪೀಟಿನ ರಾಜ ಅಂತ ಕರೆದುಕೊಂಡಿದ್ದರು. ಯಾವುದೇ ಆಟವನ್ನು ಮೂರು ಸಲ ತೋರಿಸಿದರೆ ಸಾಕು, ಗುಟ್ಟು ಹೇಳ್ತೀನಿ ಅನ್ನುವುದು ಅವರ ಸವಾಲು. 1922ರಲ್ಲಿ ಶಿಕಾಗೋದಲ್ಲಿ ಡೈ ವರ್ನನ್ ಅನ್ನುವ ತರುಣ ಅವರ ಮುಂದೆ ಒಂದು ಆಟ ಮಾಡಿದ. ಹೂಡಿನಿ ತಮ್ಮ ಹೆಸರಿನ ಅಕ್ಷರಗಳನ್ನು ಒಂದು ಇಸ್ಪೀಟ್ ಎಲೆಯ ಮೇಲೆ ಬರೆದರು. ವರ್ನನ್ ಅದನ್ನು ಮೇಲಿನಿಂದ ಎರಡನೆಯದಾಗಿ ಇಟ್ಟ. ನೋಡಿದರೆ ಅದೇ ಎಲೆ ಎಲ್ಲಕ್ಕಿಂತ ಮೇಲೆ ಬಂದು ಕೂತಿದೆ. ಮತ್ತೆ ಮಾಡು ಅಂದರು. ಮತ್ತೆ ಮಾಡಿದ. ಮೂರು ಸಲ ದಾಟಿತು, ಇನ್ನೂ ಮಾಡು ಅಂದರು. ಗುಟ್ಟು ಸಿಗಲೇ ಇಲ್ಲ. ‘ಹೂಡಿನಿಯನ್ನು ಏಮಾರಿಸಿದವನು’ ಅಂತ ವರ್ನನ್ ಆಮೇಲೆ ತನ್ನ ಪ್ರಚಾರದಲ್ಲೇ ಹಾಕಿಕೊಂಡ.

ನಮ್ಮವರು ಈ ಕಥೆಯನ್ನು ಹೂಡಿನಿ ಸೋತ ಕಥೆಯಾಗಿ ಹೇಳುತ್ತಾರೆ. ನನಗೆ ಅದರಲ್ಲಿ ಬಹಳ ಇಷ್ಟವಾಗುವುದು ಎಲೆಯ ಮೇಲಿನ ಆ ಅಕ್ಷರಗಳು. ‘ಅಂಥದೇ ಇನ್ನೊಂದು ಎಲೆ ಇಟ್ಕೊಂಡಿದಾನೆ’ ಅನ್ನುವ ಅನುಮಾನ ಯಾರಿಗಾದರೂ ಬರುತ್ತದೆ. ಎಲೆಯ ಮೇಲೆ ಬರೆದವರು ಅನುಮಾನ ಪಡುವವರೇ ಆಗಿದ್ದರೆ ಆ ದಾರಿ ಅಲ್ಲಿಗೇ ಮುಚ್ಚಿತು.

ದಾವಣಗೆರೆ ಕಡೆ ಒಂದು ನಾಮಕರಣದಲ್ಲಿ ಊಟ ಮುಗಿದ ಮೇಲೆ ನನ್ನ ಆಟ ಇತ್ತು. ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಗುವಿನ ಸೋದರಮಾವ ಬೀಡಾ ಹಾಕಿಕೊಂಡು ಕೂತಿದ್ದರು. ಒಬ್ಬ ಹುಡುಗಿ ಎಲೆ ತೆಗೆದಳೋ ಇಲ್ಲವೋ, ‘ಏಯ್, ಅಂಥದೇ ಇನ್ನೊಂದು ಜೇಬಲ್ಲಿರ್ತತಿ ಬಿಡ್ರಿ’ ಅಂದರು. ಎಲ್ಲರೂ ಅವರ ಕಡೆ ತಿರುಗಿದರು. ನಾನು ಮಾರ್ಕರ್ ತೆಗೆದು ಅವರ ಹತ್ತಿರ ಹೋದೆ. ‘ಯಜಮಾನ್ರೇ, ನೀವು ಹೇಳೋದು ಸರಿ. ಹಾಗೆ ಮಾಡೋವ್ರೂ ಇದಾರೆ. ಅದಕ್ಕೇ ಇದ್ರ ಮೇಲೆ ನೀವೇ ಸಹಿ ಹಾಕಿಬಿಡಿ’ ಅಂದೆ. ಅವರು ಕನ್ನಡಕ ಮೇಲೇರಿಸಿಕೊಂಡು, ಎಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಇಡೀ ಹೆಸರನ್ನು ಕನ್ನಡದಲ್ಲಿ ನಿಧಾನವಾಗಿ ಬರೆದರು. ಇನಿಷಿಯಲ್ ಕೂಡ ಬಿಡಲಿಲ್ಲ. ಕೊನೆಗೆ ಆ ಎಲೆ ಇನ್ನೆಲ್ಲೋ ಸಿಕ್ಕಾಗ ಅವರೇ ಎದ್ದು, ‘ನನ್ನ ಸಹೀನೇ ಐತಿ ನೋಡ್ರಿ’ ಅಂತ ಹೆಂಗಸರು ಕೂತಿದ್ದ ಕಡೆಗೆಲ್ಲ ಹಿಡಿದು ತೋರಿಸಿಕೊಂಡು ಬಂದರು. ಅನುಮಾನ ಪಟ್ಟವರೇ ಸಾಕ್ಷಿಯಾದರು. ನಾನು ನೂರು ಸಲ ‘ಇನ್ನೊಂದು ಎಲೆ ಇಲ್ಲ’ ಅಂದಿದ್ದರೂ ಅಷ್ಟು ನಂಬಿಕೆ ಹುಟ್ಟುತ್ತಿರಲಿಲ್ಲ. ಬೇರೆಯವರಾಗಿದ್ದರೆ ಅವರ ಬೀಡಾದ ಮೇಲೆ ಒಂದು ಜೋಕ್ ಹೊಡೆದು ಮುಂದೆ ಹೋಗುತ್ತಿದ್ದರು. ಜನ ನಗುತ್ತಿದ್ದರು, ಅವರ ಮುಖ ಸಪ್ಪಗಾಗುತ್ತಿತ್ತು, ಅನುಮಾನ ಮಾತ್ರ ಎಲ್ಲರ ತಲೆಯಲ್ಲಿ ಹಾಗೇ ಉಳಿಯುತ್ತಿತ್ತು.

ಸ್ಪೇನ್ ದೇಶದ ಹುವಾನ್ ತಮಾರಿಸ್ ಇದರ ಬಗ್ಗೆ ತುಂಬಾ ಯೋಚನೆ ಮಾಡಿರುವ ಜಾದೂಗಾರ. ನೋಡುವವರು ಯಾವ ಯಾವ ದಾರಿ ಹಿಡಿದು ಗುಟ್ಟು ಊಹಿಸಬಹುದು ಅಂತ ಮೊದಲೇ ಲೆಕ್ಕ ಹಾಕಬೇಕು, ಆ ಸುಳ್ಳು ದಾರಿಗಳನ್ನೆಲ್ಲ ಮುಚ್ಚುತ್ತಾ ಹೋಗಬೇಕು ಅನ್ನುವುದು ಅವರ ವಿಚಾರ. ನನ್ನ ಅನುಭವದಲ್ಲಿ ಇದರ ಜೀವ ಇರುವುದು ಸಮಯದಲ್ಲಿ. ನಾಣ್ಯ ಮಾಯವಾದ ಮೇಲೆ ಹುಡುಗರು ‘ತೋಳಲ್ಲಿದೆ, ತೋಳಲ್ಲಿದೆ’ ಅಂತ ಕೂಗಿದಾಗ ತೋಳು ಮಡಚಿ ತೋರಿಸಿದರೆ ಅದು ಸಮಜಾಯಿಷಿ ಆಗುತ್ತದೆ. ತಕ್ಷಣ ‘ಹಾಗಾದ್ರೆ ಜೇಬಲ್ಲಿದೆ’ ಶುರು. ಆಮೇಲೆ ‘ಕುರ್ಚಿ ಹಿಂದೆ’. ಪೊಲೀಸ್ ತಪಾಸಣೆ ಮುಗಿಯುವುದೇ ಇಲ್ಲ. ಅದೇ ತೋಳನ್ನು ಆಟ ಶುರುವಾಗುವ ಮೊದಲು, ಏನೋ ಮಾತಾಡುತ್ತಾ, ಸುಮ್ನೆ ಮಡಚಿಕೊಂಡುಬಿಡಿ. ಆ ಕೂಗು ಹುಟ್ಟುವುದೇ ಇಲ್ಲ. ‘ಎಲ್ಲಿದೆ ಹೇಳಿ ನೋಡೋಣ’ ಅಂತ ಸವಾಲು ಹಾಕಿ, ಜನ ಹೇಳಿದಾಗ ಸಿಟ್ಟು ಮಾಡಿಕೊಳ್ಳುವುದು ಯಾವ ನ್ಯಾಯ? ಕೇಳಿದ್ದು ನಾವೇ ಅಲ್ವಾ.

ಗೊತ್ತು ಅನ್ನುವವರಿಗೆ ನಿಜವಾಗಿ ಎಷ್ಟು ಗೊತ್ತಿರುತ್ತದೆ ಅನ್ನುವುದು ಬೇರೆ ಪ್ರಶ್ನೆ. 2002ರಲ್ಲಿ ಯೇಲ್ ವಿಶ್ವವಿದ್ಯಾಲಯದ ರೋಸೆನ್‌ಬ್ಲಿಟ್ ಮತ್ತು ಕೀಲ್ ಅನ್ನುವ ಇಬ್ಬರು ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಜಿಪ್, ಬೀಗ, ಟಾಯ್ಲೆಟ್ ಫ್ಲಶ್ ಇಂಥವು ಹೇಗೆ ಕೆಲಸ ಮಾಡುತ್ತವೆ ಅಂತ ಗೊತ್ತಾ ಎಂದು ಕೇಳಿದರೆ ಜನ ಧೈರ್ಯವಾಗಿ ಗೊತ್ತು ಅಂತಾರೆ. ಹಂತ ಹಂತವಾಗಿ ಬಿಡಿಸಿ ಹೇಳಿ ಅಂದಾಗ ತಮಗೆ ಅಷ್ಟು ಗೊತ್ತಿಲ್ಲ ಅಂತ ಅವರಿಗೇ ಅರಿವಾಗುತ್ತದೆ. ಜಾದೂವಿನಲ್ಲೂ ಹೀಗೇ. ವಿಡಿಯೋ ನೋಡಿದವರಿಗೆ ಸಾಧನದ ಹೆಸರು ಗೊತ್ತಿರುತ್ತದೆ. ಕೈ ಯಾವಾಗ ಸಡಿಲ ಬಿಡಬೇಕು, ಕಣ್ಣು ಯಾವ ಕಡೆ ಇರಬೇಕು, ಮಾತು ಎಲ್ಲಿ ನಿಲ್ಲಬೇಕು ಅನ್ನುವುದು ಗೊತ್ತಿರುವುದಿಲ್ಲ. ಹಾಗಾಗಿ ‘ಹೇಗೆ ಅಂತ ಬಿಡಿಸಿ ಹೇಳಿ’ ಅಂತ ನೂರು ಜನರ ಮುಂದೆ ಕೇಳಿದರೆ ಅವರು ತಡವರಿಸುವುದು ಗ್ಯಾರಂಟಿ. ನನಗೆ ಇದು ಗೊತ್ತಿದ್ದೂ ನಾನು ಕೇಳುವುದಿಲ್ಲ. ಅವರನ್ನು ಹೀಗೆ ಪೆದ್ದು ಮಾಡುವುದರ ಬಗ್ಗೆಯೇ ನನ್ನ ಮುಖ್ಯ ತಕರಾರು.

ನಾವು ಯಾವ ಊರಲ್ಲಿ, ಯಾರ ಮುಂದೆ ಆಟ ಮಾಡುತ್ತಿದ್ದೇವೆ ಅಂತ ಒಮ್ಮೆ ಯೋಚಿಸಿ. ಕೈಯಿಂದ ಬೂದಿ ಬರಿಸುವವರು, ತೆಂಗಿನಕಾಯಿಯಿಂದ ರಕ್ತ ಹರಿಸುವವರು ಇಲ್ಲಿದ್ದಾರೆ. ಅವರು ಬಳಸುವ ವಿದ್ಯೆಯೂ ನಮ್ಮದೇ ಕೈಚಳಕ, ಒಂದಿಷ್ಟು ರಸಾಯನಶಾಸ್ತ್ರ. ಒಂದೇ ವ್ಯತ್ಯಾಸ. ನಾನು ನಿಮ್ಮನ್ನು ಏಮಾರಿಸ್ತೀನಿ ಅಂತ ಹೇಳಿಯೇ ಏಮಾರಿಸುತ್ತೇನೆ. ಅವರು ದೇವರ ಹೆಸರಲ್ಲಿ ಕಾಸು ಕೀಳುತ್ತಾರೆ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷೆ ಮಾಡಲು ಒಂದು ಸಮಿತಿಯನ್ನೇ ಮಾಡಿದರು. ಅದಕ್ಕೆ ಅವರು ಕೇಳಬೇಕಾಗಿ ಬಂದ ಮಾತುಗಳು ಕಮ್ಮಿಯಲ್ಲ. ಹುಲಿಕಲ್ ನಟರಾಜ್ ಅವರು ಊರೂರಿಗೆ ಹೋಗಿ ಅದೇ ಪವಾಡಗಳನ್ನು ತಾವೇ ಮಾಡಿ, ಹೇಗೆ ಮಾಡಿದೆ ಅಂತಲೂ ತೋರಿಸುತ್ತಾ ಬಂದಿದ್ದಾರೆ. ಇವರೆಲ್ಲ ಜನರ ಬಾಯಲ್ಲಿ ಹುಟ್ಟಿಸಲು ಒದ್ದಾಡಿದ್ದು ಅದೇ ಮಾತು: ಇದರಲ್ಲೇನೋ ಇದೆ, ನಂಗೊತ್ತು.

ಇಂಥ ನಾಡಿನಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ತುಂಬಿದ ಹಾಲ್‌ನಲ್ಲಿ ಎದ್ದು ನಿಂತು ‘ಅಂಕಲ್, ಅದು ನಿಮ್ಮ ಇನ್ನೊಂದು ಕೈಯಲ್ಲಿದೆ’ ಅಂದರೆ ನಾನು ಅವಳನ್ನು ನಗೆಪಾಟಲು ಮಾಡಬೇಕಾ? ದೊಡ್ಡವರ ಮುಂದೆ ಅನುಮಾನ ಹೇಳಿದರೆ ಅವಮಾನ ಆಗುತ್ತದೆ ಅಂತ ಅವಳು ಅವತ್ತೇ ಕಲಿತುಬಿಡುತ್ತಾಳೆ. ನಾಳೆ ಯಾವುದೋ ಢೋಂಗಿ ಬಾಬಾನ ಮುಂದೆ ಅವಳ ಬಾಯಿ ಏಳುವುದಿಲ್ಲ. ನನ್ನ ಒಂದು ಆಟ ಕೆಟ್ಟರೆ ಕೆಡಲಿ. ನನ್ನ ಹತ್ತಿರ ಬೇರೆ ಆಟಗಳಿವೆ.

ಹಾಗಂತ ಎಲ್ಲದಕ್ಕೂ ತಲೆದೂಗುತ್ತೇನೆ ಅಂತಲ್ಲ. ಪಾರ್ಟಿಗಳಲ್ಲಿ ಕುಡಿದು ಬಂದು ಮೈಮೇಲೆ ಬೀಳುವವರಿಗೆ ಗೊತ್ತು-ಗೊತ್ತಿಲ್ಲದ ಪ್ರಶ್ನೆಯೇ ಇಲ್ಲ. ಕರೆಸಿದವರಿಗೆ ಹೇಳಿ ಪಕ್ಕಕ್ಕೆ ಕಳಿಸುತ್ತೇನೆ. ಪುಟ್ಟ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಿರುವಾಗ ಬೇಕೆಂದೇ ಗುಟ್ಟು ಕೂಗುವ ದೊಡ್ಡವರಿಗೂ ನೇರವಾಗಿಯೇ ಹೇಳುತ್ತೇನೆ: ‘ಸಾರ್, ನಿಮಗೆ ಗೊತ್ತಿರಬಹುದು. ಆ ಮಗುವಿಗೆ ಇದು ಮೊದಲನೇ ಸಲ. ಒಂದೈದು ನಿಮಿಷ ಅದರ ಸಂತೋಷ ಅದಕ್ಕೆ ಬಿಟ್ಟುಕೊಡಿ.’ ದನಿ ಏರಿಸುವುದಿಲ್ಲ, ಜೋಕೂ ಇಲ್ಲ. ಸಾಮಾನ್ಯವಾಗಿ ಒಪ್ಪುತ್ತಾರೆ.

ಊಹೆ ನಿಜವಾಗಿಯೂ ಸರಿಯಾಗಿದ್ದರೆ? ‘ಅಲ್ಲವೇ ಅಲ್ಲ’ ಅಂತ ನಾನು ಸುಳ್ಳು ಹೇಳುವುದಿಲ್ಲ. ‘ನಿನ್ನ ಕಣ್ಣು ಚುರುಕಿದೆ, ಆಮೇಲೆ ಸಿಗು’ ಅಂತೀನಿ. ಆ ಆಟವನ್ನು ಅಲ್ಲಿಗೇ ಮುಗಿಸಿ ಇನ್ನೊಂದಕ್ಕೆ ಹೋಗುತ್ತೇನೆ. ಆಮೇಲೆ ಸಿಕ್ಕಾಗ ಏನು ನೋಡಿದೆ, ಎಲ್ಲಿ ಅನುಮಾನ ಬಂತು ಅಂತ ಕೇಳುತ್ತೇನೆ. ಮಕ್ಕಳು ಇದನ್ನು ಎಷ್ಟು ಸೂಕ್ಷ್ಮವಾಗಿ ಹೇಳುತ್ತಾರೆ ಗೊತ್ತಾ? ‘ನೀವು ಆಗ ನಮ್ಮ ಕಡೆ ನೋಡಿದ್ರಿ, ಅದಕ್ಕೇ ನಾನು ಕೈ ನೋಡಿದೆ’ ಅಂದವರಿದ್ದಾರೆ. ಯಾವ ಗುರುವೂ ಅಷ್ಟು ನೇರವಾಗಿ ತಿದ್ದುವುದಿಲ್ಲ.

ಅಪ್ಪ ಅಮ್ಮಂದಿರಲ್ಲಿ ಒಂದು ಕೋರಿಕೆ. ಆಟದ ನಡುವೆ ನಿಮ್ಮ ಮಗು ‘ನಂಗೊತ್ತು’ ಅಂದರೆ ‘ಶ್, ಸುಮ್ನಿರು’ ಅಂತ ಗದರಬೇಡಿ, ಕೈ ಹಿಡಿದು ಕೂರಿಸಬೇಡಿ. ಮುಗಿದ ಮೇಲೆ ನನ್ನ ಹತ್ತಿರ ಕಳಿಸಿ. ಸಾಮಾನೆಲ್ಲ ಪೆಟ್ಟಿಗೆಗೆ ತುಂಬಲು ನನಗೆ ಹೇಗೂ ಅರ್ಧ ಗಂಟೆ ಬೇಕು, ಅಷ್ಟರಲ್ಲಿ ಒಂದು ಸಣ್ಣ ಆಟ ಕಲಿಸಿ ಕಳಿಸುತ್ತೇನೆ.