ರೂಪಾಯಿಗೆ ಎರಡು ದರವಿದ್ದ ವರ್ಷ

ಡಾಲರ್ ಏರಿದಾಗಲೆಲ್ಲ ‘ಸರ್ಕಾರ ರೂಪಾಯಿ ದರವನ್ನು ಒಂದೇ ಕಡೆ ನಿಲ್ಲಿಸಬಾರದೇ?’ ಎನ್ನುವ ಪೋಸ್ಟುಗಳು ಬರುತ್ತವೆ. ನಿಲ್ಲಿಸಬಹುದು, ಆದರೆ ಅದರ ಖರ್ಚನ್ನು ಯಾರಾದರೂ ಕೊಡಲೇಬೇಕು. ಯಾರು ಕೊಟ್ಟರು ಎನ್ನುವುದು 1992ರಲ್ಲಿ ನಮ್ಮ ದೇಶದಲ್ಲೇ ಲೆಕ್ಕ ಸಮೇತ ಕಾಣಿಸಿತ್ತು.

1975ರಿಂದ ರೂಪಾಯಿಯನ್ನು ಹಲವು ಕರೆನ್ಸಿಗಳ ಗುಂಪಿಗೆ ಜೋಡಿಸಲಾಗಿತ್ತು, ದರವನ್ನು ರಿಸರ್ವ್ ಬ್ಯಾಂಕ್ ಘೋಷಿಸುತ್ತಿತ್ತು. 1991ರ ಮಧ್ಯಕ್ಕೆ ವಿದೇಶಿ ವಿನಿಮಯ ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ಉಳಿದಿತ್ತು. ದರ ಇಳಿಯುವುದು ಖಚಿತ ಎಂದು ಎಲ್ಲರಿಗೂ ಅನ್ನಿಸಿದರೆ ರಫ್ತುದಾರ ಡಾಲರ್ ತರುವುದನ್ನು ಮುಂದೂಡುತ್ತಾನೆ, ಆಮದುದಾರ ಬಾಕಿಯನ್ನು ಅವಸರದಲ್ಲಿ ತೀರಿಸುತ್ತಾನೆ. ಇಬ್ಬರದೂ ಕಾನೂನುಬದ್ಧವೇ, ಆದರೆ ಖಜಾನೆ ಎರಡೂ ಕಡೆಯಿಂದ ಬರಿದಾಗುತ್ತದೆ. ಜುಲೈ 1ರಂದು ಸುಮಾರು ಶೇ 9, ಜುಲೈ 3ರಂದು ಸುಮಾರು ಶೇ 11 ಅಪಮೌಲ್ಯ ಮಾಡಿದರು. ಡಾಲರ್ 21 ರೂಪಾಯಿಯಿಂದ 26ರ ಹತ್ತಿರ ಬಂತು.

ನಿಜವಾದ ಪಾಠ ಇರುವುದು 1992ರ ಮಾರ್ಚ್‌ನಲ್ಲಿ ಬಂದ ಎರಡು ದರದ ಪದ್ಧತಿಯಲ್ಲಿ. ರಫ್ತುದಾರ ತಂದ ಡಾಲರಿನಲ್ಲಿ ಶೇ 60ಕ್ಕೆ ಮಾರುಕಟ್ಟೆ ದರ, ಉಳಿದ ಶೇ 40ಕ್ಕೆ ಅಧಿಕೃತ ದರ. ಆ ನಲವತ್ತು ಭಾಗ ಕಚ್ಚಾ ತೈಲ, ರಸಗೊಬ್ಬರ, ಜೀವರಕ್ಷಕ ಔಷಧಗಳಂಥ ಆಮದಿಗೆ ಹೋಗುತ್ತಿತ್ತು. ಮಾರುಕಟ್ಟೆಯಲ್ಲಿ 30, ಅಧಿಕೃತವಾಗಿ 26 ಎಂದಿಟ್ಟುಕೊಳ್ಳಿ. ನೂರು ಡಾಲರಿಗೆ 1,800 ಮತ್ತು 1,040, ಒಟ್ಟು 2,840. ಪೂರ್ತಿ ಮಾರುಕಟ್ಟೆ ದರವಾಗಿದ್ದರೆ 3,000. ಆ 160 ರೂಪಾಯಿ ರಫ್ತುದಾರನ ಮೇಲಿನ ತೆರಿಗೆ. ಸಂಸತ್ತಿನಲ್ಲಿ ಮತಕ್ಕೆ ಹಾಕಿದ್ದಲ್ಲ, ಬಜೆಟ್ಟಿನಲ್ಲಿ ತೆರಿಗೆಯೆಂದು ಬರೆದದ್ದೂ ಅಲ್ಲ. ಊರಿಗೆ ಹಣ ಕಳಿಸುವ ಅನಿವಾಸಿಗೂ ಬಹುಪಾಲು ಇದೇ ಲೆಕ್ಕ. ಹವಾಲಾದವನು ಪೂರ್ತಿ ದರ ಕೊಡುವಾಗ ಬ್ಯಾಂಕಿಗೆ ಯಾರು ಹೋಗುತ್ತಾರೆ ಹೇಳಿ!

1993ರ ಮಾರ್ಚ್‌ನಲ್ಲಿ ಎರಡೂ ದರ ಒಂದಾದವು, ದರ ನಿರ್ಧಾರವನ್ನು ಮಾರುಕಟ್ಟೆಗೆ ಬಿಟ್ಟರು. ಮಜಾ ಎಂದರೆ, ತೇಲಲು ಬಿಟ್ಟ ರೂಪಾಯಿ ತೇಲಲೇ ಇಲ್ಲ. 1995ರವರೆಗೂ 31.37ರ ಆಸುಪಾಸಿನಲ್ಲೇ ನಿಂತಿತ್ತು. ಈ ಸಲ ಒತ್ತಡ ತಲೆಕೆಳಗಾಗಿತ್ತು: ಬಂಡವಾಳ ಒಳಗೆ ಹರಿಯುತ್ತಿತ್ತು, ರೂಪಾಯಿ ಬಲವಾಗದಂತೆ ರಿಸರ್ವ್ ಬ್ಯಾಂಕ್ ಡಾಲರ್ ಕೊಳ್ಳುತ್ತಿತ್ತು. ಕೊಂಡ ಡಾಲರಿಗೆ ಹೊಸ ರೂಪಾಯಿ ಹೊರಬೀಳುತ್ತದೆ. ಬಾಂಡ್ ಮಾರಿ ಅದನ್ನು ಹೀರದಿದ್ದರೆ ಬೆಲೆಯೇರಿಕೆ, ಹೀರಿದರೆ ಬಡ್ಡಿ ಏರಿಕೆ. ಆದರೂ ಇದೇ ಸರಿಯಾದ ದಾರಿಯಾಗಿತ್ತು ಎಂಬುದು ನನ್ನ ಅಭಿಪ್ರಾಯ. ವಿದೇಶಿ ವಿನಿಮಯದ ಮೀಸಲು ಕೂಡಿಡಲು ಡಾಲರ್ ತಾನಾಗಿ ಬರುವ ಕಾಲಕ್ಕಿಂತ ಒಳ್ಳೆಯ ಕಾಲವಿಲ್ಲ.

ಥಾಯ್ಲೆಂಡ್ ಮಾಡಿದ್ದು ಉಲ್ಟಾ. ಡಾಲರಿಗೆ ಸುಮಾರು 25 ಬಾತ್ ಎಂಬ ದರ ಉಳಿಸಲು ಅಲ್ಲಿನ ಕೇಂದ್ರ ಬ್ಯಾಂಕ್ ಮುಂಗಡ ಒಪ್ಪಂದಗಳಲ್ಲಿ, ಅಂದರೆ ಇಂದೇ ಗೊತ್ತುಮಾಡಿದ ದರಕ್ಕೆ ಮುಂದೊಂದು ದಿನ ಡಾಲರ್ ಕೊಡುವ ಕರಾರಿನಲ್ಲಿ, 2,300 ಕೋಟಿ ಡಾಲರಿಗೂ ಹೆಚ್ಚು ಮಾರಿತ್ತು. ಪ್ರಕಟವಾಗುತ್ತಿದ್ದ ಮೀಸಲಿನ ಅಂಕಿಯಲ್ಲಿ ಆ ಬಾಧ್ಯತೆ ಕಾಣುತ್ತಿರಲಿಲ್ಲ. 1997ರ ಜುಲೈ 2ರಂದು ಆ ದರವನ್ನು ಕೈಬಿಟ್ಟಾಗ, ದರ ಅಲುಗದೆಂಬ ಧೈರ್ಯದಲ್ಲಿ ಡಾಲರ್ ಸಾಲ ತೆಗೆದು ಬಾತ್‌ನಲ್ಲಿ ಗಳಿಸುತ್ತಿದ್ದ ಕಂಪನಿಗಳು ಮೊದಲು ಮುಳುಗಿದವು.

ಹಾಗಾಗಿ ನಮ್ಮ ಮೀಸಲು ಎಷ್ಟೆಂದು ಓದುವಾಗ ರಿಸರ್ವ್ ಬ್ಯಾಂಕಿನ ಮಾಸಿಕ ಬುಲೆಟಿನ್ ತೆರೆದು, ಮುಂಗಡವಾಗಿ ಮಾರಿದ ಡಾಲರಿನ ಬಾಕಿ ಮೊತ್ತವನ್ನೂ ನೋಡಿ. ಅದನ್ನು ಕಳೆಯದೆ ಮೀಸಲಿನ ಅಂಕಿ ಹಿಡಿದು ವಾದಕ್ಕೆ ಬರಬೇಡಿ.