ದಕ್ಕೆಯ ಮೇಲೊಂದು ಬಿಳಿ ಕಾರು

ಕ್ರಿಸ್‌ಮಸ್‌ಗೆ ಇನ್ನೂ ವಾರವಿರುವಾಗಲೇ ಮಲ್ಪೆ ಬಂದರಿನಲ್ಲಿ ಮೀನಿಗಿಂತ ಕಾರುಗಳೇ ಹೆಚ್ಚಾಗಿ ಕಾಣತೊಡಗುತ್ತವೆ. ಸೇಂಟ್ ಮೇರೀಸ್ ದ್ವೀಪಕ್ಕೆ ಹೊರಟವರು ಮಂಜುಗಡ್ಡೆಯ ಲಾರಿ ತಿರುಗುವ ಜಾಗದಲ್ಲೇ ವಾಹನ ನಿಲ್ಲಿಸಿ, ಗಾಜೇರಿಸಿ ನಡೆದುಬಿಡುತ್ತಾರೆ. ನಿನ್ನೆ ಬೆಳಿಗ್ಗೆ, ಹತ್ತು ದಿನ ಆಳಸಮುದ್ರದಲ್ಲಿದ್ದು ಮರಳಿದ ನಮ್ಮ ಬೋಟಿನ ರಾಣಿಮೀನು, ಬೊಂಡಾಸ್ ಎಂಬ ಸ್ಕ್ವಿಡ್‌ಗಳನ್ನು ದಕ್ಕೆಗಿಳಿಸಿ, ಏಲಂ ಮುಗಿಸಿ ಲಾರಿಗೇರಿಸಹೊರಟರೆ ದಾರಿಗೆ ಅಡ್ಡವಾಗಿ ಒಂದು ಬಿಳಿ ಕಾರು ನಿಂತಿತ್ತು. ಅದರ ಮಾಲೀಕರಿಗಾಗಿ ಕಾದ ಮುಕ್ಕಾಲು ಗಂಟೆಯಲ್ಲಿ ಮಂಜು ಕರಗಿ ಬುಟ್ಟಿಗಳ ತಳದಿಂದ ಕೆನ್ನೀರು ಸೋರತೊಡಗಿತು, ಕೊಂಡವರೂ ದರ ಇಳಿಸಲು ನೆಪ ಹುಡುಕತೊಡಗಿದರು. ಜೂನ್, ಜುಲೈ ತಿಂಗಳುಗಳ ಮೀನುಗಾರಿಕೆ ನಿಷೇಧದಲ್ಲಿ ಬೋಟು ಕಟ್ಟಿಹಾಕಿ ಕೂರುವ ನಮಗೆ ಇದು ದುಡಿಮೆಯ ಕಾಲ (ಅವರಿಗೆ ರಜೆ, ಒಪ್ಪೋಣ). ಕೊನೆಗೂ ಬಂದ ಆ ಮಹನೀಯರು ಮೂಗು ಮುಚ್ಚಿಕೊಂಡು, ಇಲ್ಲೇಕೆ ಇಷ್ಟು ವಾಸನೆ ಎಂದು ನಮ್ಮನ್ನೇ ಕೇಳಿದರು.